ಮಠದ ಒಕ್ಕಲು, ಇಂಗ್ಲೆಂಡಿನಲ್ಲೂ

"ಆಗದ ಹೋಗದ ಮಾತು" ಎಂದವರು ನಮ್ಮೂರ ಮಠದ ಪಾರುಪತ್ಯಗಾರ ಶ್ಯಾಮರಾಯರು. ನಾನು ಪಿಯುಸಿ ಪಾಸಾದ ಸುದ್ದಿ ಹೇಳಲು ನಮ್ಮ ಸೋದರಮಾವ ಕೆಂಚಪ್ಪ ಮಠಕ್ಕೆ ಹೋಗಿದ್ದ. ಎಮ್ಮೆ ಈದರೂ ಹೆಣ್ಣು ಗೊತ್ತಾದರೂ ಮೊದಲು ಮಠಕ್ಕೆ ತಿಳಿಸಿ ಬರುವುದು ನಮ್ಮ ಮನೆಯ ರೂಢಿ. ರಾಯರು ಜಗಲಿಯ ಮೇಲೆ ಕೂತೇ ಕೇಳಿದರಂತೆ, "ಮುಂದೇನು ಮಾಡಿಸ್ತೀಯೋ ಕೆಂಚ?" ಮಾವ ಅಂಗಳದಲ್ಲಿ ನಿಂತು, "ಡಿಗ್ರಿ ಓದ್ತೀನಿ ಅಂತಾಳೆ ಬುದ್ಧಿ" ಎಂದನಂತೆ. "ಡಿಗ್ರಿನ? ನಿಮ್ಮನೇಲಿ? ಆಗದ ಹೋಗದ ಮಾತು. ನಾಟಿಗೆ ಆಳು ಸಾಲ್ತಿಲ್ಲ, ಗದ್ದೆಗೆ ಕಳಿಸು." ಮಾವ ಮನೆಗೆ ಬಂದು ಇದನ್ನು ನಗುತ್ತಲೇ ಹೇಳಿದ. ನಾನು ನಗಲಿಲ್ಲ. ಈಗಲೂ ನಕ್ಕಿಲ್ಲ.

ಡಿಗ್ರಿ ಆಯಿತು, ಎಂ.ಎ. ಆಯಿತು, ದಾವಣಗೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುವ ಕೆಲಸವೂ ಆಯಿತು. ನಮ್ಮ ವಂಶದಲ್ಲಿ ಕಾಲೇಜು ಹತ್ತಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂದೇ ಕೊರಗು: ಎರಡೂ ಸರ್ಟಿಫಿಕೇಟು ಅಂಚೆಯಲ್ಲಿ ಬಂದವು. ಘಟಿಕೋತ್ಸವಕ್ಕೆ ಹೋಗಲು ಒಮ್ಮೆ ಕೊಯ್ಲು ಅಡ್ಡ ಬಂತು, ಇನ್ನೊಮ್ಮೆ ಅವ್ವನ ಸಾವು. ಅಪ್ಪನ ಮುಖ ನನಗೆ ನೆನಪೇ ಇಲ್ಲ. ಸಾಕಿದವನು ಮಾವ. ಎರಡು ಸಾವಿರದ ಮೂರನೇ ಇಸವಿಯಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಒಂದು ವರ್ಷದ ಓದಿಗೆ ಇಂಗ್ಲೆಂಡಿಗೆ ಹೊರಟಾಗ ನಾನು ಮನಸ್ಸಿನಲ್ಲಿ ಒಂದೇ ಹಟ ಹಿಡಿದಿದ್ದೆ. ಈ ಸಲ ಸರ್ಟಿಫಿಕೇಟು ನನ್ನ ಕೈಗೆ ಬರುವುದನ್ನು ಮಾವ ಎದುರಿಗೆ ನಿಂತು ನೋಡಬೇಕು.

ಬರ್ಮಿಂಗ್‌ಹ್ಯಾಮ್

ಈ ಊರಿನ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಮುದುಕರು, ಶಾಲೆ ಮಕ್ಕಳು, ಕುಡಿದವರು, ಎಲ್ಲರೂ. ನಮ್ಮಲ್ಲಿ ಡ್ರೈವರಿಗೆ ಬೈಯದೆ ಇಳಿದರೆ ಅದೇ ಮರ್ಯಾದೆ. ಅಂಗಡಿಯ ಹೆಂಗಸು ನನ್ನನ್ನು "ಬ್ಯಾಬ್" ಎಂದು ಕರೆದಾಗ ಬೆಚ್ಚಿದೆ. ಅದು ನಮ್ಮ "ಅವ್ವಿ" ಇದ್ದ ಹಾಗೆ ಎಂದು ಆಮೇಲೆ ತಿಳಿಯಿತು. ಒಂದು ವಾರ ಯಾರ ಮೇಲೂ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ತರಗತಿಯಲ್ಲಿ. ನಾನು ಆರಿಸಿಕೊಂಡಿದ್ದ ವಿಷಯ ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ರೈತರು ಮತ್ತು ಅವರ ಮೇಲೆ ಒಡೆತನ ನಡೆಸಿದ ಕ್ರೈಸ್ತ ಮಠಗಳು. ಆಗ ಈ ಸೀಮೆಯ ಎಷ್ಟೋ ಹಳ್ಳಿಗಳು ಮಠದ ಆಸ್ತಿ. ಗದ್ದೆಯೂ ಮಠದ್ದು, ಉಳುವವನೂ ಮಠದವನು. ಊರು ಬಿಟ್ಟು ಹೋಗುವ ಹಾಗಿಲ್ಲ. ಮಗಳ ಮದುವೆ ಮಾಡಲು ಮಠಕ್ಕೆ ಕಾಣಿಕೆ. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಅತ್ಯುತ್ತಮ ದನ ಮಠಕ್ಕೆ, ಅದರ ನಂತರದ್ದು ಪಾದ್ರಿಗೆ. ಹೆಣ ಮಣ್ಣಿಗಿಟ್ಟು ಬರುವಷ್ಟರಲ್ಲಿ ಹಗ್ಗ ಬಿಚ್ಚಲು ಆಳು ಬಂದಿರುತ್ತಿದ್ದ.

ಮೇಷ್ಟ್ರು ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ಹುಡುಗಿ ತಣ್ಣಗೆ ಬರೆದುಕೊಂಡಳು. ಇನ್ನೊಬ್ಬ, "ಆ ಕಾಲದ ವ್ಯವಸ್ಥೆಯೇ ಹಾಗಿತ್ತು, ಅವರಿಗೆ ಅದು ಅನ್ಯಾಯ ಅನ್ನಿಸಿರಲಿಕ್ಕಿಲ್ಲ" ಎಂದ. ನನಗೆ ಕೂರಲಾಗಲಿಲ್ಲ. "ನಮ್ಮಜ್ಜ ಸತ್ತು ಹನ್ನೊಂದನೇ ದಿನ ಆಗಿರಲಿಲ್ಲ" ಎಂದೆ, ಹರಕು ಇಂಗ್ಲಿಷಿನಲ್ಲಿ. "ಗೇಣಿ ಮಗನ ಹೆಸರಿಗೆ ಆಗಬೇಕಾದರೆ ಕಾಣಿಕೆ ತನ್ನಿ ಅಂತ ಮಠದಿಂದ ಜನ ಬಂದರು. ಜೋಡೆತ್ತಿನಲ್ಲಿ ಒಂದನ್ನು ಕೊಟ್ಟೆವು. ಒಂಟಿ ಎತ್ತು ಕಟ್ಟಿಕೊಂಡು ಏನು ಉಳುವುದು ಅಂತ ನಮ್ಮಜ್ಜಿ ಅಂಗಳದಲ್ಲಿ ಕೂತು ಅತ್ತಳು. ಅನ್ನಿಸಿರಲಿಕ್ಕಿಲ್ಲ ಅಂತ ನಿನಗೆ ಯಾರು ಹೇಳಿದರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಇದು ಯಾವ ಶತಮಾನ?" ಎಂದು ಕೇಳಿದರು. "ನಾನು ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ" ಎಂದೆ.

ಪಾಳು ಮಠ

ಬರ್ಮಿಂಗ್‌ಹ್ಯಾಮ್‌ನಿಂದ ಬಸ್ಸು ಹತ್ತಿ ಹೋದರೆ ಹೊಲಗಳ ನಡುವೆ ಒಂದು ಮಠದ ಅವಶೇಷ ಇದೆ. ಎರಡು ಗೋಡೆ, ಒಂದು ಕಮಾನು, ಉಳಿದದ್ದು ಹುಲ್ಲು. ಆಚೆ ಮೋಟಾರ್ ದಾರಿಯ ಭೋರೆನ್ನುವ ಸದ್ದು. ಭಾನುವಾರ ಒಬ್ಬಳೇ ಹೋದೆ.

ಕಮಾನಿನ ಹತ್ತಿರ ಹೋಗುತ್ತಿದ್ದ ಹಾಗೆ ನನ್ನ ಕಾಲು ತಾನೇ ನಿಂತಿತು. ಬಗ್ಗಿ ಬೂಟು ಬಿಚ್ಚಿ, ಗೋಡೆಯ ಪಕ್ಕ ಜೋಡಿಸಿಟ್ಟು, ಕಾಲುಚೀಲದಲ್ಲಿ ಒಳಗೆ ಹೆಜ್ಜೆಯಿಟ್ಟೆ. ಅಲ್ಲಿ ದೇವರೂ ಇಲ್ಲ, ಛಾವಣಿಯೂ ಇಲ್ಲ, ಕುರಿ ಹಿಕ್ಕೆ ಬಿದ್ದಿದೆ. ಒದ್ದೆ ಹುಲ್ಲಿನ ನೀರು ಕಾಲುಚೀಲಕ್ಕೆ ಇಳಿದಾಗಲೇ ನಾನು ಏನು ಮಾಡಿದೆ ಎಂದು ತಿಳಿದದ್ದು. ಮಠದ ವಿರುದ್ಧ ಎದ್ದವರ ಕಥೆ ಓದಲು ಏಳು ಸಮುದ್ರ ದಾಟಿ ಬಂದಿದ್ದೇನೆ, ಬಾಗಿಲು ಕಂಡ ಕೂಡಲೇ ಕಾಲು ತಗ್ಗಿ ನಡೆಯುತ್ತದೆ! ನನ್ನ ಕಾಲಿನ ಮೇಲೆ ನನಗೇ ಹೇಸಿಗೆಯಾಯಿತು. ಹಿಂದಿರುಗಿ ನೋಡಿದರೆ ಕಂದು ನಾಯಿಯೊಂದು ನನ್ನ ಎಡಗಾಲಿನ ಬೂಟು ಕಚ್ಚಿಕೊಂಡು ಹೊಲದಲ್ಲಿ ಓಡುತ್ತಿತ್ತು.

ನಾಯಿಯ ಒಡತಿ, ಅರವತ್ತು ದಾಟಿದ ಹೆಂಗಸು, ಅದರ ಹಿಂದೆ ಓಡಿ ಬೂಟು ಕಿತ್ತು ತಂದುಕೊಟ್ಟಳು. ನಾಲ್ಕು ಹಲ್ಲಿನ ಗುರುತು ಬಿದ್ದಿತ್ತು.

"ಸಾರಿ, ಲವ್. ಬೂಟು ಯಾಕೆ ಬಿಚ್ಚಿದೆ?"

"ಮಠ ಅಲ್ಲವೆ" ಎಂದೆ.

ಅವಳು ಸುತ್ತ ನೋಡಿ ನಕ್ಕಳು. "ನಮ್ಮವರು ಇದರ ಕಲ್ಲು ಕಿತ್ತು ಹಂದಿಗೂಡು ಕಟ್ಟಿಕೊಂಡರು. ನೀನು ನೋಡಿದರೆ ಬೂಟು ಬಿಚ್ಚುತ್ತೀಯ."

ಅವಳ ಮಾತಿಗೆ ನಗು ಬಂತು, ಆದರೆ ಒಳಗೆ ಉರಿಯುತ್ತಿತ್ತು. ಯಾಕೆಂದರೆ ಆಗ ನೆನಪಾದವನು ಮಾವ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ನಮ್ಮೂರಿನಲ್ಲಿ ಮಠದ ವಿರುದ್ಧ ಮೊದಲು ಅರ್ಜಿ ಹಾಕಿದವನು ಅವನೇ. ಭೂ ನ್ಯಾಯಮಂಡಳಿಯ ಮುಂದೆ ನಿಂತು, ಲಾಯರಿಲ್ಲದೆ, "ನಮ್ಮಜ್ಜನ ಕಾಲದಿಂದ ಉತ್ತಿದ್ದು ನಾವು" ಎಂದು ಹೇಳಿ ಗೆದ್ದು ಬಂದ. ಗೆದ್ದ ಮೊದಲ ಸುಗ್ಗಿಯಲ್ಲೇ ಒಂದು ಚೀಲ ಭತ್ತ ಹೊತ್ತು ಮಠಕ್ಕೆ ಹೋದ. ಆಮೇಲೆ ಪ್ರತಿ ಸುಗ್ಗಿಯಲ್ಲೂ ಹೋದ. ಕಾನೂನು ಬೇಡ ಅಂದದ್ದನ್ನು ಅವನು ಬೆನ್ನ ಮೇಲೆ ಹೊತ್ತು ಕೊಟ್ಟ. "ಯಾಕೆ ಮಾವ?" ಎಂದರೆ, "ಶಾಪ ತಟ್ಟಿದ್ರೆ? ನಿಮ್ಮಪ್ಪ ಹೋದಂಗೆ ಹೋದ್ರೆ ನಿನ್ನ ಯಾರ್ ನೋಡ್ಕಂತಾರೆ?" ಎನ್ನುತ್ತಿದ್ದ. ಅವನ ಭಯಕ್ಕೆ ನನ್ನನ್ನು ಹೊಣೆ ಮಾಡುತ್ತಿದ್ದ.

ಈ ದೇಶದ ಒಕ್ಕಲುಗಳಿಗೂ ಶಾಪದ ಭಯವಿತ್ತು. ಆದರೂ ಎದ್ದರು. ಅವರು ಮಠದ ಗಿರಣಿಯಲ್ಲೇ ಧಾನ್ಯ ಬೀಸಿಸಬೇಕು, ಬೀಸಿದ್ದಕ್ಕೆ ಪಾಲು ಕೊಡಬೇಕು ಎಂದಿತ್ತು. ಮನೆಯಲ್ಲಿ ಬೀಸುವ ಕಲ್ಲು ಇಟ್ಟುಕೊಂಡರೆ ದಂಡ. ದಕ್ಷಿಣದ ಒಂದು ಮಠದಲ್ಲಿ ಹೀಗೆ ಕಿತ್ತುಕೊಂಡ ಬೀಸುವ ಕಲ್ಲುಗಳನ್ನು ಮಠಾಧಿಪತಿ ತಮ್ಮ ಕೋಣೆಯ ನೆಲಕ್ಕೆ ಹಾಸಿಸಿದ್ದರು, ದಿನಾ ತುಳಿದು ಓಡಾಡಲು. ರೈತರ ದೊಡ್ಡ ದಂಗೆ ಎದ್ದ ವರ್ಷ, ೧೩೮೧ರಲ್ಲಿ, ಜನ ಒಳನುಗ್ಗಿ ಆ ನೆಲ ಅಗೆದರು. ಕಲ್ಲುಗಳನ್ನು ಚೂರು ಮಾಡಿ, ಚರ್ಚಿನಲ್ಲಿ ರೊಟ್ಟಿ ಹಂಚುವ ಹಾಗೆ ಹಂಚಿಕೊಂಡು ಮನೆಗೆ ಒಯ್ದರು. ಇದನ್ನು ಮೊದಲ ಸಲ ಓದಿದ ದಿನ ನಾನು ಗ್ರಂಥಾಲಯದಿಂದ ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಮ್ಮಜ್ಜಿ ಬೀಸುವ ಕಲ್ಲಿಗೆ ಅರಿಸಿನ ಕುಂಕುಮ ಇಡುತ್ತಿದ್ದಳು. ಅದನ್ನು ಯಾರಾದರೂ ಕಾಲಡಿ ಹಾಸಿದ್ದರೆ?

ದಂಗೆ ಮುರಿಯಿತು. ಮುಂದಾಳುಗಳನ್ನು ನೇಣಿಗೆ ಹಾಕಿದರು. ಆದರೆ ಆಮೇಲೆ ಒಕ್ಕಲುಗಳನ್ನು ಮೊದಲಿನ ಹಾಗೆ ಕಟ್ಟಿಹಾಕಲು ಯಾರಿಂದಲೂ ಆಗಲಿಲ್ಲ. ನೂರು ವರ್ಷದಲ್ಲಿ ಆ ಕಟ್ಟು ಹೆಚ್ಚುಕಡಿಮೆ ಕಳಚಿಹೋಯಿತು. ನಮ್ಮಲ್ಲಿ ಕಾನೂನು ಒಂದೇ ದಿನ ಕಟ್ಟು ಬಿಚ್ಚಿತು. ಆದರೂ ಮಾವನ ಬೆನ್ನ ಮೇಲೆ ಚೀಲ.

ಟಿವಿಡೇಲ್

ನನಗೆ ಇರಲು ಕೋಣೆ ಕೊಟ್ಟವರು ಡಾಕ್ಟರ್ ಮೂರ್ತಿ. ದಾವಣಗೆರೆಯಲ್ಲಿ ಓದಿ, ಇಲ್ಲಿಗೆ ಬಂದು ಜಿಪಿ, ಎಂದರೆ ಬಡಾವಣೆಯ ಡಾಕ್ಟರು, ಆಗಿ ಇಪ್ಪತ್ತು ವರ್ಷವಾದವರು. ಅವರ ಹೆಂಡತಿ ಸುಮಕ್ಕ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. "ನಮ್ಮ ಕಡೆ ಹುಡುಗಿ, ಹಾಸ್ಟೆಲಲ್ಲಿ ಯಾಕಿರಬೇಕು" ಎಂದು ಮಹಡಿಯ ಕೋಣೆ ಬಿಟ್ಟುಕೊಟ್ಟರು. ಆ ಋಣವನ್ನು ಅಲ್ಲಗಳೆಯುವುದಿಲ್ಲ. ಶನಿವಾರ ಕಾರಿನಲ್ಲಿ ಟಿವಿಡೇಲಿನ ಬಾಲಾಜಿ ದೇವಸ್ಥಾನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಕನ್ನಡದವರೆಲ್ಲ ಸಿಗುತ್ತಿದ್ದರು. ಶೆಫೀಲ್ಡಿನ ಆಸ್ಪತ್ರೆಯ ಡಾಕ್ಟರುಗಳು, ಲಫ್‌ಬರೋದ ಎಂಜಿನಿಯರಿಂಗ್ ಹುಡುಗರು. ಪ್ರಸಾದದ ಪುಳಿಯೋಗರೆ ತಿನ್ನುತ್ತಾ ಗಂಡಸರು ಮಾರ್ಟ್‌ಗೇಜ್ ಮಾತಾಡುತ್ತಿದ್ದರು, ಹೆಂಗಸರು ಡ್ಯೂಟಿ ಪಾಳಿಯ ರೋಟ. ಮಕ್ಕಳಿಗೆ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತಿತ್ತು.

ಡಾಕ್ಟರು ನನ್ನ ಪ್ರಬಂಧದ ಇಂಗ್ಲಿಷ್ ತಿದ್ದಿಕೊಡುತ್ತೇನೆಂದು ತಾವಾಗಿ ಕೇಳಿದರು. ಕೊಟ್ಟೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ದೇವಸ್ಥಾನದ ಕಾರ್ ಪಾರ್ಕಿನಲ್ಲಿ, ಸುಮಕ್ಕ ಒಳಗಿದ್ದಾಗ, ಶುರು ಮಾಡಿದರು.

"ರತ್ನ, ಕೊನೇ ಚಾಪ್ಟರ್ ಯಾಕಮ್ಮ ಬೇಕು?"

"ಯಾವುದು ಸರ್?"

"ಅದೇ, ನಮ್ಮ ಮಠದ್ದು. ಇಂಗ್ಲೆಂಡ್ ಬಗ್ಗೆ ಬರಿ, ಬೇಡ ಅಂದೋರ್ಯಾರು? ಚೆನ್ನಾಗ್ ಬರ್ದಿದೀಯ. ಆದ್ರೆ ಇವರ ಮುಂದೆ ನಮ್ಮ ಮನೆ ಬಟ್ಟೆ ಯಾಕೆ ಒಗೀಬೇಕು?"

"ಹೆಸರು ಹಾಕಿಲ್ಲ ಸರ್. ಒಂದು ಮಠ ಅಂತ ಬರೆದಿದ್ದೀನಿ."

"ಗೊತ್ತಿರೋರಿಗೆ ಗೊತ್ತಾಗುತ್ತೆ. ನಮ್ಮ ತಂದೆ ಅಲ್ಲಿ ವೇದ ಕಲಿತವರು. ನಂಗೆ ಅದು ತಾಯಿ ಮನೆ ಇದ್ದಂಗೆ."

"ನಮಗೆ ಅದು ಒಡೆಯರ ಮನೆ ಸರ್. ಅಂಗಳ ದಾಟಿ ಒಳಗೆ ಹೇಗಿದೆ ಅಂತ ನಾನು ನೋಡಿಲ್ಲ. ನೀವು ನೋಡಿದ್ದೀರಿ, ಹೇಳಿ, ಹೇಗಿದೆ?"

ಅವರ ಮುಖ ಕೆಂಪಾಯಿತು. ಕೆಟ್ಟ ಮನುಷ್ಯರಲ್ಲ ಅವರು. ರಾತ್ರಿ ಪಾಳಿ ಮುಗಿಸಿ ಬಂದೂ ಮುದುಕರ ಮನೆಗೆ ಹೋಗಿ ಔಷಧ ಕೊಟ್ಟು ಬರುವವರು. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು.

"ಆ ಚಾಪ್ಟರ್ ತೆಗೆದುಬಿಡು" ಎಂದರು ಕಾರಿನ ಬಾಗಿಲು ತೆಗೆಯುತ್ತಾ. "ಡಿಸೆಂಬರಲ್ಲಿ ಸ್ವಾಮಿಗಳು ಅಮೆರಿಕಾದಿಂದ ವಾಪಸ್ ಹೋಗ್ತಾ ಇಲ್ಲಿಗೆ ಬರ್ತಿದಾರೆ. ಅವರ ವ್ಯವಸ್ಥೆಯೆಲ್ಲ ನಂದೇ."

"ಸಮುದ್ರ ದಾಟಿದರೆ ಮಡಿ ಕೆಡುತ್ತೆ ಅಂತಿದ್ದರಲ್ಲ ಸರ್?"

"ಅದಕ್ಕೆ ಪ್ರಾಯಶ್ಚಿತ್ತ ಇದೆ" ಎಂದರು ಗಂಭೀರವಾಗಿ.

ಅವರಿಗೆ ಪ್ರಾಯಶ್ಚಿತ್ತವಿದೆ. ನಾವು ಅಂಗಳ ದಾಟಿದರೆ ಇಲ್ಲ.

ಲೀಡ್ಸ್ ದಾಟಿ

ಬೇಸಿಗೆಯಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಲೀಡ್ಸಿಗೆ ರೈಲಿನಲ್ಲಿ ಕರೆದೊಯ್ದು, ಅಲ್ಲಿಂದ ಬಸ್ಸಿನಲ್ಲಿ ಹಳೆಯ ಮಠವೊಂದಕ್ಕೆ ಒಯ್ದರು. ಹಸಿರು ಕಣಿವೆ, ನದಿ, ಆಕಾಶಕ್ಕೆ ಬಾಯಿ ತೆರೆದ ಕಲ್ಲಿನ ಕಮಾನುಗಳು. ಚಂದ ಅಂದರೆ ಚಂದ. ಜನ ಚಾಪೆ ಹಾಸಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಇಲ್ಲಿಯವರಿಗೆ ಬಿಸಿಲು ಬಿದ್ದರೆ ಸಾಕು, ಸಮಾಧಿಯ ಪಕ್ಕವಾದರೂ ಸರಿ, ಊಟದ ಬುಟ್ಟಿ ಬಿಚ್ಚುತ್ತಾರೆ. ಅಂಗಡಿಯಲ್ಲಿ ಸನ್ಯಾಸಿ ಚಿತ್ರವಿದ್ದ ಜಾಮ್ ಬಾಟಲಿ.

ಬಾಗಿಲಲ್ಲಿ ಒಂದು ಫಲಕ. ಸನ್ಯಾಸಿಗಳು ಈ ಕಾಡುಭೂಮಿಯನ್ನು ಹಸನು ಮಾಡಿ, ಮೌನದಲ್ಲಿ ದುಡಿದು, ಸಮೃದ್ಧಿ ತಂದರು ಎಂಬ ಅರ್ಥದ ಬರಹ. ಹಿಂದೆ ಮುಂದೆ ನೋಡಿದೆ. ಒಬ್ಬ ಒಕ್ಕಲಿನ ಸುಳಿವಿಲ್ಲ. ಮಠದ ಕುರಿಗಳಿಗೆ ಜಾಗ ಮಾಡಲು ಹಳ್ಳಿಗಳನ್ನೇ ಎಬ್ಬಿಸಿ ಕಳಿಸಿದ ಉದಾಹರಣೆಗಳನ್ನು ನಾನು ಆಗಷ್ಟೇ ಓದಿದ್ದೆ. ನಮ್ಮೂರ ಮಠದ ಗೋಡೆಯ ಮೇಲೂ ಹೀಗೇ ಇದೆ. ಅಣೆಕಟ್ಟೆ ಕಟ್ಟಿಸಿದವರು ಇಂಥ ಗುರುಗಳು, ಕೆರೆ ತೋಡಿಸಿದವರು ಇಂಥವರು. ಬುಟ್ಟಿ ಹೊತ್ತವರು ಯಾರು? ಕಲ್ಲಿಗೆ ಅವರ ಹೆಸರು ಕೆತ್ತಲು ಜಾಗ ಸಾಲಲಿಲ್ಲವೆ?

ಮೇಷ್ಟ್ರ ಜೊತೆ ಕಲ್ಲಿನ ಮೇಲೆ ಕೂತು ಚಹಾ ಕುಡಿಯುವಾಗ ಡಾಕ್ಟರ ಮಾತನ್ನು ಹೇಳಿದೆ. ಮೇಷ್ಟ್ರು ಇದೇ ಕಡೆಯ ಗಣಿ ಕೆಲಸಗಾರನ ಮಗ. ನಾನು ಹೇಳಿದ್ದಕ್ಕೆ ತಲೆಯಾಡಿಸಿ, ಆಮೇಲೆ ತಾವೂ ಅದನ್ನೇ ಬೇರೆ ದಾರಿಯಲ್ಲಿ ಹೇಳಿದರು.

"ಕೊನೆಯ ಅಧ್ಯಾಯದಲ್ಲಿ ಸಿಟ್ಟು ಹೆಚ್ಚಿದೆ, ರತ್ನ. ಪರೀಕ್ಷಕರಿಗೆ ಇಷ್ಟವಾಗದೆ ಹೋಗಬಹುದು. ಅಡಿಟಿಪ್ಪಣಿಗೆ ಹಾಕಿಬಿಡಿ."

"ಸಿಟ್ಟನ್ನ ಅಡಿಟಿಪ್ಪಣಿಗೆ ಹಾಕುವುದೆ?"

"ನಾವು ಇಲ್ಲಿ ಹಾಗೇ ಮಾಡುವುದು" ಎಂದರು. ನಗಲಿಲ್ಲ. "ನಮ್ಮಪ್ಪ ಕೂಡ ಕೇಳುತ್ತಿದ್ದ, ನೀನು ಅಷ್ಟೆಲ್ಲ ಓದಿ ಬರೆದ ಪುಸ್ತಕದಲ್ಲಿ ನಾವು ಯಾವ ಪುಟದಲ್ಲಿದ್ದೇವೆ ಅಂತ."

"ಎಲ್ಲಿದ್ದಾರೆ?"

ಚಹಾ ಲೋಟದೊಳಗೆ ನೋಡುತ್ತಾ, "ಅಡಿಟಿಪ್ಪಣಿಯಲ್ಲಿ" ಎಂದರು.

ಅಧ್ಯಾಯವನ್ನು ಇದ್ದ ಹಾಗೇ ಇಟ್ಟು ಒಪ್ಪಿಸಿದೆ. ಶರತ್ಕಾಲದಲ್ಲಿ ಫಲಿತಾಂಶ ಬಂತು. ಪಾಸು. ಕೊನೆಯ ಅಧ್ಯಾಯಕ್ಕೆ ಒಬ್ಬ ಪರೀಕ್ಷಕರು ಅಂಕ ಕಡಿಮೆ ಮಾಡಿದ್ದರು. ಮಾಡಿಕೊಳ್ಳಲಿ.

ಮಾವ ಬಂದ

ಡಿಸೆಂಬರಿನಲ್ಲಿ ಘಟಿಕೋತ್ಸವ. ಮಾವನ ಟಿಕೆಟಿಗೆ ವರ್ಷವಿಡೀ ಉಳಿಸಿದ್ದೆ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಅವನು ಕೊನೆಯವನಾಗಿ ಹೊರಬಂದ. ಪಂಚೆ, ಮೇಲೆ ಯಾರದೋ ಕೋಟು, ತಲೆಗೆ ಮಂಕಿ ಟೋಪಿ, ಎದೆಗೆ ಅಪ್ಪಿಕೊಂಡ ಚೀಲ.

"ತಡ ಯಾಕಾತು ಮಾವ?"

"ಮಂಡಕ್ಕಿ ಚೀಲ ಬಿಚ್ಚಿ ನೋಡಿದ್ರು. ಒಬ್ಬ ಮೂಸಿದ. ತಿನ್ನಪ್ಪ ಅಂತ ಒಂದ್ ಹಿಡಿ ಕೊಟ್ಟೆ, ತಗಳ್ಲಿಲ್ಲ. ಬಾಳ ಬಿಗುಮಾನ."

ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಏನೋ ಹೇಳುತ್ತಾರಲ್ಲ, ಏನದು ಎಂದು ಕೇಳಿದ. ಹೇಳಿದೆ. ಮುಂದಿನ ಸಲ ಇಳಿಯುವಾಗ ಅವನು ಡ್ರೈವರಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಸರ್ದಾರ್ಜಿ ಡ್ರೈವರು ಸ್ಟೇರಿಂಗ್ ಬಿಟ್ಟು ತಾನೂ ಕೈ ಜೋಡಿಸಿದ. ಹಿಂದೆ ನಿಂತಿದ್ದ ಸಾಲೆಲ್ಲ ಕಾಯಿತು, ಒಬ್ಬರೂ ಗೊಣಗಲಿಲ್ಲ. "ಒಳ್ಳೆ ಜನ" ಎಂದ ಮಾವ.

ಡಾಕ್ಟರು ಮಾವನನ್ನು ಬಾಗಿಲಲ್ಲೇ ಅಪ್ಪಿಕೊಂಡರು. ಅದೂ ನಿಜ. ಸೋಫಾದಲ್ಲಿ ಕೂರಿಸಿದರು, ಮಾವ ತುದಿಯಲ್ಲಿ ಕೂತ. ಊರ ಸುದ್ದಿ ಕೇಳಿ, ಕಾಫಿ ಮುಗಿದ ಮೇಲೆ ಮೆಲ್ಲಗೆ, "ಕೆಂಚಪ್ಪ, ನಿಮ್ಮ ಪುಣ್ಯ ನೋಡಿ. ಗುರುವಾರ ಸ್ವಾಮಿಗಳ ಪಾದಪೂಜೆ ಇಟ್ಕೊಂಡಿದೀವಿ, ಇಲ್ಲೇ ಒಂದು ಹಾಲ್‌ನಲ್ಲಿ. ನೀವು ಬರ್ಲೇಬೇಕು" ಎಂದರು.

"ಗುರುವಾರ ಬೆಳಗ್ಗೆ ಘಟಿಕೋತ್ಸವ ಸರ್" ಎಂದೆ ನಾನು.

"ಗೊತ್ತಮ್ಮ. ಕ್ಲಾಶ್ ಆಗೋಗಿದೆ, ಏನ್ಮಾಡೋದು. ನೀನು ಅಲ್ಲಿಗೆ ಹೋಗು. ಕೆಂಚಪ್ಪನೋರಿಗೆ ಅಲ್ಲಿ ಇಂಗ್ಲಿಷ್ ಏನ್ ಅರ್ಥ ಆಗುತ್ತೆ?"

ಮಾವನ ಮುಖ ನೋಡಿದೆ. ಅವನು ಆಗಲೇ ಎದ್ದು ನಿಂತಿದ್ದ, ಕೈ ಕಟ್ಟಿಕೊಂಡು. "ಸ್ವಾಮೇರು ಇಲ್ಲಿಗೇ ಬರ್ತಾರಾ ಬುದ್ಧಿ?" ಎಂದ. ಅರವತ್ತೈದು ವರ್ಷ ಅಂಗಳದಿಂದಲೇ ನೋಡಿದವನು. ಉತ್ಸವದ ದಿನ ಮೇನೆಯ ಪರದೆ ಸರಿದಾಗ ಒಂದು ಕಾವಿ ಬಟ್ಟೆಯ ಅಂಚು ಕಂಡರೆ ವರ್ಷವಿಡೀ ಹೇಳಿಕೊಳ್ಳುತ್ತಿದ್ದವನು.

ಮರುದಿನ ಬೆಳಗಿನ ತಿಂಡಿಗೆ ಕೂತಾಗ ಜಗಳ ತೆಗೆದೆ.

"ಯಾರಿಗೋಸ್ಕರ ಬಂದೆ ನೀನು? ನನಗೋ ಅವರಿಗೋ?"

"ನಿನಗೇ ಕಣೆ. ಅವ್ರು ಇರಾದು ನನಗ್ ಗೊತ್ತಿತ್ತಾ?"

"ಮತ್ತೆ?"

"ರತ್ನಿ, ಹತ್ರದಿಂದ ಒಂದ್ ಸಲ ನೋಡ್ತೀನವ್ವ. ಊರಾಗೆ ಆಗಲ್ಲ. ಇಲ್ಲಿ ಯಾರೂ ಕೇಳಲ್ಲ. ಒಂದ್ ಸಲ ನೋಡಿ ಓಡ್ ಬರ್ತೀನಿ, ನಿನ್ ಹೆಸ್ರು ಕರ್ಯಾದ್ರೊಳಗೆ."

"ನೋಡೋಕೆ ಅದೇನು ಜಾತ್ರೆನ? ಕೋರ್ಟಿನಲ್ಲಿ ಅವರನ್ನು ಸೋಲಿಸಿದವನು ನೀನು ಮಾವ!"

"ಅದು ಭೂಮಿ. ಇದು ದೇವ್ರು."

"ಎರಡನ್ನೂ ಒಂದೇ ಬೀಗದೊಳಗೆ ಇಟ್ಟಿದ್ದರು, ಅದು ನಿನಗೆ ಕಾಣಲಿಲ್ಲವಾ?"

ಅವನು ತಟ್ಟೆ ನೋಡುತ್ತಾ ಕೂತ. ಸುಮಕ್ಕ ಒಲೆಯ ಕಡೆ ತಿರುಗಿ ದೋಸೆ ಹೊಯ್ಯುತ್ತಿದ್ದಳು, ಹೊಯ್ಯುತ್ತಲೇ ಇದ್ದಳು. ನಾನು ಸಭಾಂಗಣದ ಪಾಸನ್ನು ಮೇಜಿನ ಮೇಲೆ ಇಟ್ಟು, "ಬಂದರೆ ಬಾ, ಬಿಟ್ಟರೆ ಬಿಡು" ಎಂದು ಎದ್ದುಹೋದೆ. ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತದ್ದು ಸಿಟ್ಟಿಗೆ. ಬೇರೆ ಯಾವುದಕ್ಕೂ ಅಲ್ಲ.

ಗುರುವಾರ

ದೊಡ್ಡ ಸಭಾಂಗಣ. ಆರ್ಗನ್ ಮೊಳಗುತ್ತಿತ್ತು. ಕಪ್ಪು ನಿಲುವಂಗಿ, ಚಪ್ಪಟೆ ಟೋಪಿ. ಪ್ರಾಧ್ಯಾಪಕರು ಕೆಂಪು ನೀಲಿ ಜರಿ ಹೊದ್ದು ಸಾಲಾಗಿ ಬಂದರು, ಮುಂದೆ ಒಬ್ಬ ಬೆಳ್ಳಿಯ ದಂಡ ಹೊತ್ತು. ಎಲ್ಲರೂ ಎದ್ದು ನಿಂತೆವು. ನಾನೂ ನಿಂತೆ. ಪಲ್ಲಕ್ಕಿಯೊಂದು ಇಲ್ಲ ಅಷ್ಟೇ, ಇದನ್ನೆಲ್ಲ ನಾನು ಮೊದಲೇ ನೋಡಿದ್ದೇನೆ ಅನ್ನಿಸಿತು. ಈ ನಿಲುವಂಗಿಗಳೂ ಅಂದಿನ ಸನ್ಯಾಸಿಗಳಿಂದ ಬಂದವೇ. ಒಕ್ಕಲ ಮಗಳು ಮಠದ ಅಂಗಿ ತೊಟ್ಟಿದ್ದಾಳೆ ಎಂದು ಒಳಗೊಳಗೇ ಬೈದುಕೊಂಡೆ. ಆದರೆ ಬಿಚ್ಚಲಿಲ್ಲ. ಬಿಚ್ಚಲು ಮನಸ್ಸೂ ಬರಲಿಲ್ಲ. ಇದನ್ನು ದುಡಿದು ತೊಟ್ಟದ್ದು.

ಮೇಲಿನ ಸಾಲಿನಲ್ಲಿ ನನ್ನ ಅತಿಥಿಯ ಕುರ್ಚಿ ಎಲ್ಲಿದೆಯೆಂದು ಗೊತ್ತಿತ್ತು. ಖಾಲಿ. ಒಬ್ಬೊಬ್ಬರ ಹೆಸರು ಕರೆದ ಹಾಗೆ ಮೇಲಿನಿಂದ ಶಿಳ್ಳೆ, ಕೇಕೆ. ಒಬ್ಬ ಹುಡುಗನಿಗೆ ಅವನ ಅಜ್ಜಿ "ನಮ್ಮ ಹುಡುಗ!" ಎಂದು ಕೂಗಿದಳು, ಸಭೆಯೆಲ್ಲ ನಕ್ಕಿತು. ನನ್ನ ಸಾಲು ಎದ್ದಿತು. ಮತ್ತೆ ನೋಡಿದೆ. ಖಾಲಿ. ಹೆಸರು ಕರೆದರು. ವೇದಿಕೆ ದಾಟಿದೆ. ಯಾರೋ ಕೈ ಕುಲುಕಿದರು, ಏನೋ ಹೇಳಿದರು, ಏನೆಂದು ನೆನಪಿಲ್ಲ. ಶಿಷ್ಟಾಚಾರದ ಚಪ್ಪಾಳೆ ಬಿತ್ತು. ಕೇಕೆ ಹಾಕುವವರು ಇರಲಿಲ್ಲ.

ವೇದಿಕೆಯ ಮೇಲೆ ಬರೀ ಕೈ ಕುಲುಕುವುದಂತೆ. ಸರ್ಟಿಫಿಕೇಟು ಕೊಡುವುದು ಆಮೇಲೆ, ಹೊರಗಿನ ಓಣಿಯಲ್ಲಿ, ಒಂದು ಉದ್ದ ಮೇಜಿನ ಹಿಂದೆ ಕೂತ ಆಫೀಸಿನ ಹೆಂಗಸರು. ರೇಷನ್ ಅಂಗಡಿಯ ಹಾಗೆ ಕ್ಯೂ. ನಿಂತೆ. ಮುಂದೆ ಹಿಂದೆ ಎಲ್ಲರ ಜೊತೆ ಅಪ್ಪ ಅಮ್ಮ, ಕ್ಯಾಮೆರಾ, ಹೂಗುಚ್ಛ. ಮಾವ ಈಗ ಹಾಲ್‌ನಲ್ಲಿ ಕೈ ಕಟ್ಟಿ ನಿಂತಿರುತ್ತಾನೆ. ನಿಂತಿರಲಿ. ನಾಳೆ ಅವನಿಗೆ ಈ ಕಾಗದ ತೋರಿಸುವುದೇ ಇಲ್ಲ.

ಕ್ಯೂ ಅರ್ಧ ಸರಿದಿತ್ತು. ಹೊರಗಿನ ಬಾಗಿಲು ತಳ್ಳಿಕೊಂಡು ಸುಮಕ್ಕ ಒಳಬಂದಳು, ರೇಷ್ಮೆ ಸೀರೆಯ ಮೇಲೆ ಕೋಟು, ಕೈಯಲ್ಲಿ ಕಾರಿನ ಕೀ. ಅವಳ ಹಿಂದೆ ಮಾವ. ಪಂಚೆಯ ಅಂಚು ಒದ್ದೆ. ಅಂಗಿಯ ತೋಳು ಮೊಳಕೈ ಮೇಲೆ ಮಡಿಚಿತ್ತು, ಆ ಚಳಿಯಲ್ಲಿ.

"ಕರೆದ್ರಾ?" ಎಂದ. "ಹೆಸ್ರು ಕರೆದ್ರಾ?"

"ಕರೆದರು. ಮುಗೀತು. ದರ್ಶನ ಆಯ್ತಾ ನಿಂದು?"

ಸುಮಕ್ಕ ಹೇಳಿದಳು, ಒಂದೇ ಉಸಿರಿಗೆ, ಅಕ್ಕಪಕ್ಕದವರು ನೋಡುತ್ತಿದ್ದರೂ.

"ಮುಂದಿನ ಸಾಲಲ್ಲಿ ನಾನೇ ಕೂರಿಸಿದ್ದೆ ರತ್ನ. ಸ್ವಾಮಿಗಳ ಜೊತೆ ಬಂದಿರೋ ಮಠದ ಪರಿಚಾರಕ ಒಬ್ಬ ಬಂದು ಯಾವೂರು ಅಂದ. ಇವರು ಊರು ಹೇಳಿದ್ರು. 'ಓ, ನಮ್ಮ ಒಕ್ಕಲು!' ಅಂತ ನಕ್ಕ, ಪ್ಯೂರ್ ಪ್ರೀತಿಯಿಂದ್ಲೇ ಅನ್ನೋ ಹಾಗೆ. 'ಇಲ್ಯಾಕೆ ಕೂತೆ, ಮೊದಲ್ನೇ ಪಂಕ್ತಿ ಏಳುತ್ತೆ, ತಟ್ಟೆ ತೆಗೆಯೋ ಕಡೆ ನೋಡ್ಕೊ' ಅಂದ. ನಾನು ಅಡುಗೆ ಮನೆಯಿಂದ ಬರೋಷ್ಟರಲ್ಲಿ ಇವರು ಕಪ್ಪು ಚೀಲ ಹಿಡ್ಕೊಂಡು ಪೇಪರ್ ತಟ್ಟೆ ಎತ್ತುತಾ ಇದಾರೆ."

"ಡಾಕ್ಟರು?"

"ನೋಡಿದ್ರು" ಎಂದಳು ಸುಮಕ್ಕ. "ನೋಡಿ, ಬೇರೆ ಕಡೆ ತಿರುಗಿದ್ರು. ಮನೇಲಿ ಮಾತಾಡ್ಕೋತೀನಿ ನಾನು."

ನನಗೆ ಹಾಲ್‌ಗೆ ಓಡಿಹೋಗಬೇಕು ಅನ್ನಿಸಿತು. ಆ ನಿಲುವಂಗಿ ಹಾಕಿಕೊಂಡೇ, ಅಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಬೈಯಬೇಕು. ಹೆಜ್ಜೆ ಎತ್ತಿದ್ದೆ ಕೂಡ. ಮಾವ ತೋಳು ಹಿಡಿದ.

"ಕ್ಯೂ ಬಿಡ್‌ಬ್ಯಾಡ" ಎಂದ.

"ಏನು ಮಾವ ನೀನು! ಎತ್ತು ಅಂದರು, ಎತ್ತಿಬಿಟ್ಟೆಯಾ?"

"ಕೈ ತಾನೇ ಹೋತು ಕಣವ್ವ." ಅವನು ತನ್ನ ಕೈಗಳನ್ನು ನೋಡಿಕೊಂಡ, ಅವು ಬೇರೆಯವರವು ಎಂಬ ಹಾಗೆ. "ಅರ್ಧ ಸಾಲು ಎತ್ತಿದ್ಮ್ಯಾಲೆ ತಿಳೀತು. ಸ್ವಾಮೇರು ಇಷ್ಟ್ ಹತ್ರ ಕುಂತಿದ್ರು, ಈ ಮೇಜಿಗೂ ನಿನಗೂ ಇರಾಷ್ಟು. ನನ್ ಕಡೆ ನೋಡಿದ್ರು ರತ್ನಿ. ತಟ್ಟೆ ಎತ್ತಾ ಆಳು ಅಂತ ನೋಡಿದ್ರು. ಅದೂ ಅಲ್ಲ, ಗೋಡೆ ನೋಡ್ದಂಗೆ ನೋಡಿದ್ರು. ಚೀಲ ಅಲ್ಲೇ ಇಟ್ಟೆ. ಸುಮವ್ವಾರ್ನ ಕೇಳ್ದೆ, ನಮ್ ಹುಡುಗಿ ಎಲ್ಲೈತೆ ಅಂತ."

"ನೆಕ್ಸ್ಟ್, ಪ್ಲೀಸ್" ಎಂದಳು ಮೇಜಿನ ಹಿಂದಿನ ಹೆಂಗಸು.

ನಾನು ಮೇಜಿನ ಮುಂದೆ ಬಂದಿದ್ದೆ. ಹೆಸರು ಹೇಳಿದೆ. ಅವಳು ಪೆಟ್ಟಿಗೆಯಲ್ಲಿ ಹುಡುಕಿ ದಪ್ಪ ಲಕೋಟೆ ತೆಗೆದಳು. ಪಕ್ಕದಲ್ಲಿ ತೋಳು ಮಡಿಚಿ ನಿಂತ ಮಾವನನ್ನು ನೋಡಿ, "ನಿಮ್ಮ ತಂದೆಯಾ?" ಎಂದಳು. "ಹೌದು" ಎಂದೆ. ಅವಳು ಎದ್ದು ನಿಂತು ಲಕೋಟೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟಳು. ಮಾವ ಎದುರಿಗೇ ಇದ್ದ.

ಓಣಿಯ ಕಿಟಕಿಯ ಹತ್ತಿರ ಹೋಗಿ ಬಿಚ್ಚಿದೆ. ಮಾವ ಕೈಯನ್ನು ಪಂಚೆಗೆ ಒರೆಸಿ, ಆಮೇಲೆ ಮತ್ತೊಮ್ಮೆ ಒರೆಸಿ, ಕಾಗದವನ್ನು ತುದಿಯಲ್ಲಿ ಹಿಡಿದುಕೊಂಡ. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸಾಲುಗಳ ಮೇಲೆ ಕಣ್ಣಾಡಿಸಿದ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಏನಂತ ಬರ್ದಾರೆ?"

"ನನ್ನ ಹೆಸರು. ಅಪ್ಪನ ಹೆಸರೂ ಸೇರಿದೆ. ಡಿಗ್ರಿ ಹೆಸರು."

"ಒಕ್ಕಲು ಅಂತ ಎಲ್ಲಾರ ಐತಾ?"

"ಇಲ್ಲ ಮಾವ."

"ಸರಿಯಾಗ್ ನೋಡು."

"ಎಲ್ಲೂ ಇಲ್ಲ."

ಅವನು ಕಾಗದವನ್ನು ನನ್ನ ಕೈಗೆ ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಮಡಿಚಿದ ತೋಳುಗಳನ್ನು ಬಿಚ್ಚಿ ಗುಂಡಿ ಹಾಕಿಕೊಂಡ.

"ಹಂಗಾದ್ರೆ ಓದವ್ವ, ಜೋರಾಗ್ ಓದು" ಎಂದ. "ನನಗೊಬ್ಬನಿಗೆ ಕೇಳಿದ್ರೆ ಸಾಲ್ದು."